ಆ ಮೂರು ಸಂಜೆಗಳನ್ನು ಬೇರೆ ಮಾಡಬೇಡಿ: ಉಪನ್ಯಾಸ ಏರ್ಪಡಿಸುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ವಿಶ್ವವಿದ್ಯಾಲಯಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ, ವಿಜ್ಞಾನ ಕೇಂದ್ರಗಳಲ್ಲಿ ಸಾರ್ವಜನಿಕರಿಗಾಗಿ ಸಂಜೆ ಉಪನ್ಯಾಸ ಏರ್ಪಡಿಸುವ ಎಲ್ಲರಿಗೂ ಈ ಪತ್ರ. ನಾನು ಪ್ರೊಫೆಸರ್ ಅಲ್ಲ, ಸಂಶೋಧಕನೂ ಅಲ್ಲ. ಕೆಲಸ ಮುಗಿಸಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂರುವವನು. ಕೆಲವು ಸಂಜೆ ತೂಕಡಿಸಿದ್ದೂ ಉಂಟು. ಆದರೆ ತುಂಬಾ ವರ್ಷಗಳಿಂದ ಬಿಡದೆ ಬರುತ್ತಿದ್ದೇನೆ. ಅಷ್ಟರ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಈಚೆಗೆ ಒಂದು ಉಪನ್ಯಾಸ ಮಾಲೆಯ ಪಟ್ಟಿ ನೋಡಿದೆ. ಮೊದಲ ವಾರ ಭಾಷೆ. ಎರಡನೇ ವಾರ ಮಧ್ಯಯುಗದ ಕಸುಬುಗಳು. ಮೂರನೇ ವಾರ ಶುದ್ಧ ಇಂಧನ. ನನಗೆ ಖುಷಿಯಾಯಿತು. ಜೊತೆಯಲ್ಲಿದ್ದವರು ನಕ್ಕರು. “ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತಂತೆ” ಅಂದರು. ಏರ್ಪಡಿಸಿದವರಿಗೂ ಅದೇ ಅನುಮಾನ ಬಂದಿರಬೇಕು. ಮುಂದಿನ ಸಲದಿಂದ ಮೂರನ್ನೂ ಬೇರೆ ಬೇರೆ ಮಾಡುತ್ತಾರಂತೆ. ಭಾಷೆಯ ಉಪನ್ಯಾಸ ಭಾಷಾ ವಿಭಾಗಕ್ಕೆ, ಕಸುಬಿನದು ವಸ್ತುಸಂಗ್ರಹಾಲಯಕ್ಕೆ, ಇಂಧನದ್ದು ಎಂಜಿನಿಯರಿಂಗ್ ಕಟ್ಟಡಕ್ಕೆ. ಯಾರಿಗೆ ಯಾವುದು ಬೇಕೋ ಅವರು ಅಲ್ಲಿಗೆ ಹೋಗಲಿ ಅನ್ನೋದು ಲೆಕ್ಕ.

ದಯವಿಟ್ಟು ಹಾಗೆ ಮಾಡಬೇಡಿ. ಮೂರೂ ಒಂದೇ ಸಭಾಂಗಣದಲ್ಲಿ, ಒಂದೇ ಕೇಳುಗರ ಮುಂದೆ ನಡೆಯಲಿ. ಇಷ್ಟೇ ನನ್ನ ಬೇಡಿಕೆ. ಯಾಕೆ ಅನ್ನೋದನ್ನು ಹೇಳೋದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು.

ಸಂಜೆ ಉಪನ್ಯಾಸದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಮೈಕೆಲ್ ಫ್ಯಾರಡೆಯ ಹೆಸರು ಎತ್ತುತ್ತಾರೆ. ನಾನೂ ಎತ್ತುತ್ತೇನೆ, ಆದರೆ ಬೇರೆ ಕಾರಣಕ್ಕೆ. ಫ್ಯಾರಡೆ ಕಮ್ಮಾರನ ಮಗ. ಹುಟ್ಟಿದ್ದು 1791ರಲ್ಲಿ. ಶಾಲೆ ಅಷ್ಟಕ್ಕಷ್ಟೇ. ಹದಿನಾಲ್ಕರ ವಯಸ್ಸಿಗೆ ಲಂಡನ್ನಿನ ಒಂದು ಪುಸ್ತಕದಂಗಡಿಯಲ್ಲಿ ಬೈಂಡಿಂಗ್ ಕೆಲಸ ಕಲಿಯೋದಕ್ಕೆ ಸೇರಿದ. ಹಾಳೆ ಮಡಚಿ, ದಾರದಲ್ಲಿ ಹೊಲಿದು, ರಟ್ಟು ಕಟ್ಟಿ, ಚರ್ಮ ಹೊದಿಸುವ ಕೆಲಸ. ಮಧ್ಯಯುಗದಿಂದ ಕೈಯಿಂದ ಕೈಗೆ ಬಂದ ಕಸುಬು ಅದು. ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಕೂತು ಓದಿದ. ಬಿಡುವಿದ್ದ ಸಂಜೆ ವಿಜ್ಞಾನದ ಉಪನ್ಯಾಸಗಳಿಗೆ ಹೋದ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಮಾತು ಕೇಳಿದ. ಟಿಪ್ಪಣಿ ಮಾಡಿಕೊಂಡ. ಅದನ್ನು ಚೆನ್ನಾಗಿ ತಿರುಗಿ ಬರೆದು, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಮರುವರ್ಷ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು.

ಇಷ್ಟು ನಿಮಗೂ ಗೊತ್ತು. ಆಮೇಲಿನದನ್ನು ಸ್ವಲ್ಪ ನೋಡಿ. 1819ರ ಸುಮಾರಿಗೆ ಫ್ಯಾರಡೆ ಒಂದು ವಿಚಿತ್ರ ಉಕ್ಕಿನ ಹಿಂದೆ ಬಿದ್ದ. ಚಾಕು, ಕತ್ತರಿ ತಯಾರಿಸುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಎಂಬಾತನ ಜೊತೆ ಸೇರಿ ಅದನ್ನು ಕರಗಿಸಿದ, ಬೇರೆ ಲೋಹ ಬೆರೆಸಿದ, ಪರೀಕ್ಷಿಸಿದ. ದಕ್ಷಿಣ ಏಷ್ಯಾದಿಂದ ಬಂದ ಆ ಉಕ್ಕಿನಿಂದ ಮಾಡಿದ ಕತ್ತಿಯ ಮೈಮೇಲೆ ಹರಿಯುವ ನೀರಿನಂಥ ಗೆರೆಗಳು ಮೂಡುತ್ತಿದ್ದವು. 1825ರ ಸುಮಾರಿಗೆ ಅವನೇ ಶುಕ್ರವಾರದ ಸಂಜೆ ಉಪನ್ಯಾಸಗಳನ್ನು ಶುರು ಮಾಡಿದ. ಅವು ಇವತ್ತಿಗೂ ನಡೆಯುತ್ತಿವೆ. 1831ರಲ್ಲಿ ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಆಡಿಸಿದರೆ ವಿದ್ಯುತ್ ಹುಟ್ಟುತ್ತದೆ ಅಂತ ತೋರಿಸಿದ. ಬೆಟ್ಟದ ಮೇಲೆ ತಿರುಗುವ ಗಾಳಿಯಂತ್ರದ ಹೊಟ್ಟೆಯಲ್ಲಿ ಇರೋದು ಅದೇ. ಅಣೆಕಟ್ಟಿನ ಕೆಳಗೆ ತಿರುಗುವ ಯಂತ್ರದಲ್ಲೂ ಅದೇ. ಸೂರ್ಯನ ಬೆಳಕಿನ ಫಲಕವೊಂದು ಬೇರೆ ದಾರಿ ಹಿಡಿದಿದೆ, ಅಷ್ಟೇ.

ಈಗ ಹೇಳಿ. ಕಮ್ಮಾರನ ಮಗ, ಬೈಂಡಿಂಗ್ ಹುಡುಗ, ಉಕ್ಕಿನ ಪರೀಕ್ಷಕ, ವಿದ್ಯುತ್ತಿನ ಮೂಲಪುರುಷ. ಇವನನ್ನು ನಿಮ್ಮ ಮೂರು ಕಟ್ಟಡಗಳಲ್ಲಿ ಯಾವುದಕ್ಕೆ ಕಳಿಸುತ್ತೀರಿ?

ಇದರಲ್ಲಿ ಭಾಷೆ ಎಲ್ಲಿ ಬಂತು ಅಂತ ನೀವು ಕೇಳಬಹುದು. ಅದು ಆ ಉಕ್ಕಿನ ಹೆಸರಿನಲ್ಲೇ ಇದೆ. ಇಂಗ್ಲಿಷಿನಲ್ಲಿ ಅದನ್ನು ‘ವೂಟ್ಸ್’ ಅನ್ನುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಗೆ ಈ ಉಕ್ಕಿನ ಬಗ್ಗೆ ಲೇಖನ ಕೊಟ್ಟ. ಆಗ ಅಚ್ಚಾದ ಪದ ಅದು. ಅಂಥ ಪದ ನಮ್ಮ ಕಡೆಯ ಯಾವ ಭಾಷೆಯಲ್ಲೂ ಇಲ್ಲ. ನಿಘಂಟು ಮಾಡುವವರು ತಲೆ ಕೆಡಿಸಿಕೊಂಡರು. ಕೊನೆಗೆ ಸಿಕ್ಕ ಉತ್ತರ ಕನ್ನಡದ ‘ಉಕ್ಕು’. ನಾವು ‘ಒಂದು’ ಅನ್ನೋದನ್ನು ಮಾತಿನ ಭರದಲ್ಲಿ ‘ವಂದು’ ಅಂತೀವಿ, ಅಲ್ವಾ? ಹಾಗೆಯೇ ‘ಉಕ್ಕು’ ಕೇಳಿದವರ ಕಿವಿಗೆ ‘ವುಕ್ಕು’ ಆಯಿತು. ಬರೆದವರು ‘ವುಕ್’ ಅಂತ ಬರೆದಿರಬೇಕು. ಯಾರೋ ಕೊನೆಯ ಅಕ್ಷರ ತಪ್ಪು ಓದಿ ‘ವೂಟ್ಸ್’ ಮಾಡಿದರು. 19ನೇ ಶತಮಾನದ ನಿಘಂಟುಕಾರರ ಊಹೆ ಇದು. ಇವತ್ತಿಗೂ ಹೆಚ್ಚಿನವರು ಒಪ್ಪುತ್ತಾರೆ. ಒಂದು ಅಕ್ಷರದೋಷ ಇನ್ನೂರು ವರ್ಷದಿಂದ ಲೋಹಶಾಸ್ತ್ರದ ಪುಸ್ತಕಗಳಲ್ಲಿ ರಾಜನ ಹಾಗೆ ಕೂತಿದೆ. ನನಗಂತೂ ಇದನ್ನು ನೆನೆದಾಗೆಲ್ಲ ನಗು ಬರುತ್ತದೆ.

ಇದು ಬರೀ ಪದದ ಮೋಜಲ್ಲ. ತಮಿಳಿನಲ್ಲಿ ‘ಉರುಕು’ ಅಂದರೆ ಕರಗು. ‘ಉರುಕ್ಕು’ ಅಂದರೆ ಕರಗಿಸಿದ್ದು, ಉಕ್ಕು. ಕನ್ನಡ, ತೆಲುಗಿನ ‘ಉಕ್ಕು’ ಇದೇ ಬಳಗದ ಪದ. ಈಗ ಕಸುಬಿನ ಕಡೆ ಬನ್ನಿ. ಹಳೆಯ ಕಾಲದ ಸಾಮಾನ್ಯ ಕುಲುಮೆಯಲ್ಲಿ ಕಬ್ಬಿಣ ಕರಗುತ್ತಲೇ ಇರಲಿಲ್ಲ. ಅಷ್ಟು ಶಾಖ ಬರುತ್ತಿರಲಿಲ್ಲ. ಅದಿರಿನಿಂದ ಮೆತ್ತಗಿನ ಮುದ್ದೆ ಹೊರಬರುತ್ತಿತ್ತು. ಅದನ್ನು ಬಡಿದು ಬಡಿದು ಕಿಟ್ಟ ತೆಗೆಯುತ್ತಿದ್ದರು. ಈ ಉಕ್ಕು ಹಾಗಲ್ಲ. ಕಬ್ಬಿಣದ ಚೂರು, ಕಟ್ಟಿಗೆ, ಎಲೆ ಇವನ್ನೆಲ್ಲ ಮಣ್ಣಿನ ಮೂಸೆಯಲ್ಲಿ ಹಾಕಿ, ಬಾಯಿ ಮುಚ್ಚಿ, ಬೆಂಕಿಯಲ್ಲಿಡುತ್ತಿದ್ದರು. ಒಳಗೆ ಇಂಗಾಲ ಹೀರಿಕೊಂಡ ಕಬ್ಬಿಣ ನಿಜಕ್ಕೂ ಕರಗುತ್ತಿತ್ತು. ನಿಧಾನವಾಗಿ ಆರುತ್ತಿತ್ತು. ಆಮೇಲೆ ಮೂಸೆ ಒಡೆದು ಗಟ್ಟಿ ತೆಗೆಯುತ್ತಿದ್ದರು. ಅಂದರೆ ಇದನ್ನು ಮಾಡಿದ ವಿಧಾನ ಪದದೊಳಗೇ ಇದೆ. ಭಾಷೆಯ ಉಪನ್ಯಾಸಕ್ಕೆ ಮಾತ್ರ ಹೋದವರಿಗೆ ಪದದ ಬೇರು ಸಿಗುತ್ತದೆ, ಮೂಸೆ ಸಿಗೋದಿಲ್ಲ. ಕಸುಬಿನದಕ್ಕೆ ಮಾತ್ರ ಹೋದವರಿಗೆ ಮೂಸೆ ಸಿಗುತ್ತದೆ, ಅದರ ಹೆಸರು ಯಾಕೆ ಹೀಗೆ ಅನ್ನೋದು ತಪ್ಪಿಹೋಗುತ್ತದೆ.

ಅಂದ ಹಾಗೆ, ಫ್ಯಾರಡೆ ಈ ಉಕ್ಕಿನ ಗುಟ್ಟು ಹಿಡಿಯೋದರಲ್ಲಿ ಎಡವಿದ. ಅಲ್ಯೂಮಿನಾ, ಸಿಲಿಕಾ ಅಂಶ ಸೇರಿರೋದೇ ಆ ಗೆರೆಗಳಿಗೆ ಕಾರಣ ಅಂದುಕೊಂಡ. ಕಾರಣ ಇಂಗಾಲ ಅಂತ ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಬ್ರೇಯಾನ್ ತೋರಿಸಿದ. ಈ ಉಕ್ಕಿನಲ್ಲಿ ನೂರಕ್ಕೆ ಒಂದೂವರೆ ಪಾಲಿನ ಆಸುಪಾಸಿನಲ್ಲಿ ಇಂಗಾಲ ಇರುತ್ತದೆ. ಅಷ್ಟಕ್ಕೂ ಪೂರ್ತಿ ಉತ್ತರ ಬರಲಿಲ್ಲ. 1990ರ ದಶಕದಲ್ಲಿ ಅಮೆರಿಕದ ಲೋಹತಜ್ಞ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಸೇರಿ ಆ ಗೆರೆಗಳನ್ನು ಮತ್ತೆ ಮೂಡಿಸಿದರು. ಅದಿರಿನಲ್ಲಿ ವೆನೇಡಿಯಂ ಎಂಬ ಲೋಹ ತೀರಾ ಅಲ್ಪ ಪ್ರಮಾಣದಲ್ಲಿ ಇದ್ದರೆ ಗೆರೆಗಳು ಸಾಲಾಗಿ ನಿಲ್ಲುತ್ತವೆ ಅಂತ ಹೇಳಿದರು. ಪ್ರೊಫೆಸರ್ ಒಬ್ಬರೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಕಮ್ಮಾರ ಒಬ್ಬರೇ ಇದ್ದಿದ್ದರೂ ಆಗುತ್ತಿರಲಿಲ್ಲ.

ಇಂಥ ತಪ್ಪುಗಳನ್ನೂ ವೇದಿಕೆಯ ಮೇಲೆ ಹೇಳಿಸಿ. ಉಪನ್ಯಾಸಕರು ಸಾಮಾನ್ಯವಾಗಿ ‘ಏನು ಗೊತ್ತಾಗಿದೆ’ ಅನ್ನೋದನ್ನು ಹೇಳಿ ಕೂರುತ್ತಾರೆ. ‘ಹೇಗೆ ಗೊತ್ತಾಯಿತು’ ಅನ್ನೋದು ಅದಕ್ಕಿಂತ ರುಚಿ. ಒಂದೇ ಉದಾಹರಣೆ ಕೊಡುತ್ತೇನೆ. ಮಧ್ಯಯುಗದ ಯುರೋಪಿನಲ್ಲಿ ಹಸ್ತಪ್ರತಿ ಬರೆದು ಬಣ್ಣ ತುಂಬಿದವರೆಲ್ಲ ಗಂಡಸರು ಅಂತ ಬಹಳ ಜನ ನಂಬಿದ್ದರು. ಜರ್ಮನಿಯ ಡಾಲ್‌ಹೈಮ್ ಎಂಬಲ್ಲಿ ಸುಮಾರು ಒಂಬೈನೂರು ವರ್ಷದ ಹಿಂದೆ ಸತ್ತ ಒಬ್ಬ ಸನ್ಯಾಸಿನಿಯ ಹಲ್ಲಿನ ಕಿಟ್ಟವನ್ನು ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದರೊಳಗೆ ನೀಲಿ ಕಣಗಳು. ಅಫ್ಘಾನಿಸ್ತಾನದಿಂದ ಬರುತ್ತಿದ್ದ, ಚಿನ್ನಕ್ಕೆ ಸಮನಾದ ಬೆಲೆಯ ಲಾಜವರ್ದ ಎಂಬ ನೀಲಿ ಕಲ್ಲಿನ ಕಣಗಳು. ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುತ್ತಿದ್ದವಳು ಅವಳು, ಅದೇ ಹೆಚ್ಚು ಹೊಂದುವ ವಿವರಣೆ ಅಂತ 2019ರಲ್ಲಿ ಪ್ರಕಟಿಸಿದರು. ಇಡೀ ಸಭಾಂಗಣ ಉಸಿರು ಬಿಗಿಹಿಡಿಯೋದು ಇಂಥ ಕಡೆ. ಇಸವಿಗಳ ಪಟ್ಟಿಗೆ ಯಾರೂ ಉಸಿರು ಬಿಗಿಹಿಡಿಯೋದಿಲ್ಲ.

ಉಕ್ಕಿಗೇ ವಾಪಸ್ ಬರುತ್ತೇನೆ. ಯಾಕಂದರೆ ನನ್ನ ವಾದದ ಗಟ್ಟಿ ಭಾಗ ಇನ್ನೂ ಬಂದಿಲ್ಲ.

ಶ್ರೀಲಂಕಾದಲ್ಲಿ ಸಮನಲವೇವ ಅಂತ ಒಂದು ಜಾಗ ಇದೆ. ಅಲ್ಲಿ ಜಲವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವ ಹೊತ್ತಿಗೆ ಸುತ್ತಲಿನ ಪ್ರದೇಶದ ಪುರಾತತ್ವ ಸಮೀಕ್ಷೆ ನಡೆಯಿತು. ಬೆಟ್ಟಗಳ ಪಶ್ಚಿಮದ ಇಳಿಜಾರಿನಲ್ಲಿ, ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ, ಹಳೆಯ ಕುಲುಮೆಗಳ ಸಾಲು ಸಾಲು ಗುರುತು, ಕಿಟ್ಟದ ರಾಶಿ. ತಿದಿ ಒತ್ತಿದ್ದಕ್ಕೆ ಕುರುಹಿಲ್ಲ. ಕಾಲ ಸುಮಾರು 7ರಿಂದ 11ನೇ ಶತಮಾನ. ಗಿಲ್ ಜುಲೆಫ್ ಎಂಬ ಪುರಾತತ್ವಜ್ಞೆ ಇದರ ಹಿಂದೆ ಬಿದ್ದರು. ತಿದಿ ಇಲ್ಲದೆ, ಬರೀ ಬೀಸುವ ಗಾಳಿಯಿಂದ ಕಬ್ಬಿಣ ತೆಗೆಯೋದು ಆಗದ ಮಾತು ಅಂತ ತಿಳಿದವರು ಅನೇಕರಿದ್ದರು. ಜುಲೆಫ್ ವಾದಕ್ಕೆ ಕೂರಲಿಲ್ಲ. ಅದೇ ಜಾಗದಲ್ಲಿ, ಅದೇ ಮಣ್ಣಿನಲ್ಲಿ ಕುಲುಮೆ ಕಟ್ಟಿಸಿ, ಮುಂಗಾರಿನ ಗಾಳಿಗೆ ಕಾದು ಬೆಂಕಿ ಹಾಕಿಸಿದರು. ಕಬ್ಬಿಣ ಬಂತು. ಅದರ ಜೊತೆ ಹೆಚ್ಚು ಇಂಗಾಲ ಇರುವ ಉಕ್ಕೂ ಬಂತು. ಇದು ಮೂಸೆಯ ಉಕ್ಕಲ್ಲ, ನೇರವಾಗಿ ಕುಲುಮೆಯಿಂದಲೇ ಬಂದದ್ದು. 1996ರಲ್ಲಿ ಇದು ಪ್ರಕಟವಾಯಿತು. 9ನೇ ಶತಮಾನದ ಅರಬ್ ವಿದ್ವಾಂಸ ಅಲ್ ಕಿಂದಿ ಕತ್ತಿಗಳ ಬಗ್ಗೆ ಬರೆಯುತ್ತಾ ಸರಂದೀಪದ ಉಕ್ಕನ್ನು ಹೆಸರಿಸಿದ್ದಾನೆ. ಸರಂದೀಪ ಅಂದರೆ ಇದೇ ದ್ವೀಪ.

ಗಾಳಿ ಅಲ್ಲಿ ಹೇಗೆ ಕೆಲಸ ಮಾಡುತ್ತಿತ್ತು ಅನ್ನೋದು ಇನ್ನೂ ಚೆನ್ನ. ಗಾಳಿ ತೂತಿನೊಳಗೆ ನೇರ ನುಗ್ಗಿ ಬೆಂಕಿ ಊದುತ್ತಿತ್ತು ಅಂತ ನಾನು ಅಂದುಕೊಂಡಿದ್ದೆ. ನಿಜವಾದ ಕೆಲಸ ಆಗುತ್ತಿದ್ದದ್ದು ಮೇಲೆ. ಇಳಿಜಾರು ಹತ್ತಿ ಬಂದ ಗಾಳಿ ಕುಲುಮೆಯ ಮುಂಗೋಡೆಯ ನೆತ್ತಿಯನ್ನು ದಾಟಿ ಹಾರುತ್ತಿತ್ತು. ಅಲ್ಲಿ ಒತ್ತಡ ಇಳಿಯುತ್ತಿತ್ತು. ಆ ಸೆಳೆತಕ್ಕೆ ಕೆಳಗಿನ ಕೊಳವೆಗಳ ಮೂಲಕ ಗಾಳಿ ತಾನಾಗಿ ಒಳಗೆ ಬರುತ್ತಿತ್ತು. ಈಗಿನ ಗಾಳಿಯಂತ್ರದ ರೆಕ್ಕೆಯನ್ನು ತಿರುಗಿಸೋದೂ ಗಾಳಿಯ ನೂಕಾಟವಲ್ಲ. ರೆಕ್ಕೆಯ ಎರಡು ಮೈಗಳ ನಡುವೆ ಒತ್ತಡದಲ್ಲಿ ಬರುವ ವ್ಯತ್ಯಾಸ. ಸಾವಿರ ವರ್ಷದ ಹಿಂದೆ ಮಣ್ಣಿನ ಗೋಡೆ ಕಟ್ಟಿದವರು ಸಮೀಕರಣ ಬರೆದಿರಲಿಲ್ಲ. ಆದರೆ ಗೋಡೆ ಎಲ್ಲಿ ನಿಲ್ಲಬೇಕು, ಎಷ್ಟು ಎತ್ತರ ಇರಬೇಕು ಅನ್ನೋದು ಅವರ ಕೈಗೆ ಗೊತ್ತಿತ್ತು.

ಇದನ್ನು ಕೇಳಿದ ಮೇಲೆ ಶುದ್ಧ ಇಂಧನದ ಉಪನ್ಯಾಸ ಕೇಳುವ ಕಿವಿಯೇ ಬೇರೆ ಆಗುತ್ತದೆ. ‘ಶುದ್ಧ’ ಅನ್ನುವ ಪದವನ್ನು ಸುಮ್ನೆ ನುಂಗೋದಕ್ಕೆ ಆಗೋದಿಲ್ಲ. ಆ ಕುಲುಮೆಗಳು ಗಾಳಿಯನ್ನೇನೋ ಪುಕ್ಕಟೆ ಬಳಸಿದವು. ಆದರೆ ಒಳಗೆ ಉರಿದದ್ದು ಇದ್ದಿಲು, ಅಂದರೆ ಮರ. ಅದೇ ಸಮನಲವೇವದಲ್ಲಿ 1992ರಲ್ಲಿ 120 ಮೆಗಾವಾಟಿನ ಜಲವಿದ್ಯುತ್ ಶುರುವಾಯಿತು. ಹೊಗೆ ಇಲ್ಲ, ಸರಿ. ಆದರೆ ಒಂದು ಕಣಿವೆ ನೀರಿನ ಕೆಳಗೆ ಹೋಯಿತು. ಇವತ್ತಿನ ಗಾಳಿಯಂತ್ರದ ಕಂಬ ನಿಂತಿರೋದು ಉಕ್ಕಿನಲ್ಲಿ. ಆ ಉಕ್ಕಿನ ಹೆಚ್ಚಿನ ಪಾಲು ಕಲ್ಲಿದ್ದಲಿನಿಂದ ಹುಟ್ಟಿದ್ದು. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಸುಮಾರು 7ರಿಂದ 8 ಪಾಲು ಉಕ್ಕಿನ ಕಾರ್ಖಾನೆಗಳದ್ದೇ. ಈಗ ಇಂಗಾಲದ ಬದಲು ಹೈಡ್ರೋಜನ್ನಿನಿಂದ ಅದಿರಿನ ಆಕ್ಸಿಜನ್ ಕಳಚುವ ಪ್ರಯತ್ನ ನಡೆದಿದೆ. ಹಾಗೆ ಮಾಡಿದರೆ ಹೊರಗೆ ಬರೋದು ನೀರಾವಿ. ಸ್ವೀಡನ್ನಿನ ಲೂಲಿಯೋದಲ್ಲಿ 2020ರಲ್ಲಿ ಪ್ರಾಯೋಗಿಕ ಘಟಕ ಶುರುವಾಯಿತು, 2021ರಲ್ಲಿ ಅಲ್ಲಿನ ಕಬ್ಬಿಣದಿಂದ ಮಾಡಿದ ಮೊದಲ ಉಕ್ಕು ಹೊರಬಂತು. ಇದ್ದಿಲಿನಿಂದ ಕಲ್ಲಿದ್ದಲಿಗೆ, ಕಲ್ಲಿದ್ದಲಿನಿಂದ ಹೈಡ್ರೋಜನ್ನಿಗೆ. ಕಸುಬಿನ ಕಥೆ ಮತ್ತು ಇಂಧನದ ಕಥೆ ಎರಡಲ್ಲ.

ಈಗ ಒಂದು ದೂರು. ಎಲ್ಲಿ ಆಯಿತು ಅಂತ ಹೇಳೋದಿಲ್ಲ, ಹೇಳೋದು ಮುಖ್ಯವೂ ಅಲ್ಲ.

ಒಂದು ಸಂಸ್ಥೆಯಲ್ಲಿ ಇದೇ ಗಾಳಿ ಕುಲುಮೆಗಳ ಬಗ್ಗೆ ಉಪನ್ಯಾಸ ಇತ್ತು. ಸ್ವಾಗತ, ಪ್ರಸ್ತಾವನೆ, ಉಪನ್ಯಾಸಕರ ಪರಿಚಯ ಇಷ್ಟಕ್ಕೇ ಇಪ್ಪತ್ತೈದು ನಿಮಿಷ. ಪರಿಚಯ ಮಾಡಿದವರು ಉಪನ್ಯಾಸಕರ ಪ್ರತಿಯೊಂದು ಪದವಿಯನ್ನೂ ಇಸವಿ ಸಮೇತ ಓದಿದರು. ಉಪನ್ಯಾಸ ಮಾತ್ರ ಬಹಳ ಚೆನ್ನಾಗಿತ್ತು. ಮುಗಿದ ಕೂಡಲೇ “ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲ” ಅಂದರು. ನನ್ನ ಪಕ್ಕ ಒಬ್ಬ ವಯಸ್ಸಾದವರು ಕೂತಿದ್ದರು. ಕೈ ನೋಡಿದರೇ ಬೆಂಕಿಯ ಜೊತೆ ಕೆಲಸ ಮಾಡಿದವರು ಅಂತ ಗೊತ್ತಾಗುತ್ತಿತ್ತು. ಅವರು ಉದ್ದಕ್ಕೂ ಒಂದು ಚೀಟಿಯಲ್ಲಿ ಏನೋ ಬರೆದುಕೊಂಡಿದ್ದರು. ಮೆಟ್ಟಿಲು ಇಳಿಯುವಾಗ ನಾನೇ ಕೇಳಿದೆ. “ಗಾಳಿ ನಿಂತ ದಿನ ಅವರು ಏನು ಮಾಡ್ತಿದ್ರು? ಅರ್ಧ ಬೆಂದ ಕುಲುಮೇನ ಹಾಗೇ ಬಿಡೋಕಾಗಲ್ವಲ್ಲ” ಅಂದರು.

ನಾನು ಅಲ್ಲೇ ನಿಂತುಬಿಟ್ಟೆ. ಶುದ್ಧ ಇಂಧನದ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದೇ. ಗಾಳಿ ನಿಂತಾಗ ಏನು? ಸೂರ್ಯ ಮುಳುಗಿದಾಗ ಏನು? ಆ ಸಂಜೆಯೇ, ಅದೇ ಹೊತ್ತಿಗೆ, ಅದೇ ಸಂಸ್ಥೆಯ ಇನ್ನೊಂದು ಕಟ್ಟಡದಲ್ಲಿ ಎಂಜಿನಿಯರೊಬ್ಬರು ಗಾಳಿ ವಿದ್ಯುತ್ತನ್ನು ಕೂಡಿಡುವ ದಾರಿಗಳ ಬಗ್ಗೆ ಒಂದು ಗಂಟೆ ಮಾತಾಡುತ್ತಿದ್ದರು. ಪ್ರಶ್ನೆ ಒಂದು ಕಟ್ಟಡದಲ್ಲಿ, ಉತ್ತರ ಇನ್ನೊಂದು ಕಟ್ಟಡದಲ್ಲಿ. ನಡುವೆ ಒಂದು ಪಾರ್ಕಿಂಗ್ ಜಾಗ.

ಈ ಮೂರನ್ನೂ ಒಂದೇ ಸೂರಿನ ಕೆಳಗೆ ಇಟ್ಟರೆ ಏನಾಗುತ್ತದೆ ಅನ್ನೋದಕ್ಕೆ ನಾನು ಕಲ್ಪನೆ ಮಾಡಬೇಕಾಗಿಲ್ಲ. ಡೆನ್ಮಾರ್ಕಿನಲ್ಲಿ ಅದು ಆಗಿದೆ. ಅಲ್ಲಿ 19ನೇ ಶತಮಾನದಲ್ಲಿ ಜನಪದ ಪ್ರೌಢಶಾಲೆಗಳು, ಅಂದರೆ ವಯಸ್ಸಿಗೆ ಬಂದವರು ಕಲಿಯುವ ಶಾಲೆಗಳು, ಹುಟ್ಟಿದವು. ಗ್ರುಂಟ್‌ವಿ ಎಂಬ ಪಾದ್ರಿ, ಕವಿ ಅದಕ್ಕೆ ಪ್ರೇರಣೆ. ಲ್ಯಾಟಿನ್ ಬೇಡ, ಪರೀಕ್ಷೆ ಬೇಡ, ತಾಯ್ನುಡಿಯಲ್ಲಿ ಆಡುವ ಜೀವಂತ ಮಾತು ಸಾಕು ಅನ್ನೋದು ಅವನ ನಿಲುವು. ಮೊದಲ ಶಾಲೆ 1844ರಲ್ಲಿ ರೋಡಿಂಗ್ ಎಂಬ ಗಡಿಯೂರಿನಲ್ಲಿ ಶುರುವಾಯಿತು, ಅದೂ ಡೇನಿಷ್ ಭಾಷೆ ಉಳಿಸಿಕೊಳ್ಳೋದಕ್ಕೆ. 1864ರ ಯುದ್ಧದಲ್ಲಿ ಆ ನೆಲ ಕೈತಪ್ಪಿದ ಮೇಲೆ ಶಾಲೆ ಆಸ್ಕೋವ್ ಎಂಬಲ್ಲಿಗೆ ಬಂತು. ರೈತರ ಮಕ್ಕಳು ಬಂದು ಕೂತು ಉಪನ್ಯಾಸ ಕೇಳುತ್ತಿದ್ದರು. ಭಾಷೆಗಾಗಿ ಹುಟ್ಟಿದ ಜಾಗ, ಇದನ್ನು ಮರೆಯಬೇಡಿ.

ಅಲ್ಲಿಗೆ ಪೌಲ್ ಲಾ ಕೂರ್ ಎಂಬ ಭೌತಶಾಸ್ತ್ರದ ಮೇಷ್ಟ್ರು ಬಂದರು. ಅವರು ವಿಜ್ಞಾನವನ್ನು ಅದರ ಇತಿಹಾಸದ ಮೂಲಕವೇ ಕಲಿಸುತ್ತಿದ್ದರು. 1891ರಲ್ಲಿ ಶಾಲೆಯ ಪಕ್ಕ ಒಂದು ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ತೆಗೆದರು. ಹಳೆಯ ಗಿರಣಿ ಕಟ್ಟುವವರು ಶತಮಾನಗಳಿಂದ ಮಾಡುತ್ತಿದ್ದ ರೆಕ್ಕೆಗಳಿಂದಲೇ ಅವರ ಕೆಲಸ ಶುರುವಾದದ್ದು. ವಿದ್ಯುತ್ತಿಗಾದರೆ ರೆಕ್ಕೆ ಕಮ್ಮಿ ಇದ್ದು ಬೇಗ ತಿರುಗಬೇಕು ಅಂತ ಪ್ರಯೋಗ ಮಾಡಿ ಕಂಡುಕೊಂಡರು. ಗಾಳಿ ನಿಂತ ದಿನಕ್ಕೆ? ಅದಕ್ಕೂ ದಾರಿ ಹುಡುಕಿದ್ದರು. ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತೊಟ್ಟಿಯಲ್ಲಿ ತುಂಬಿಟ್ಟರು. 1895ರಿಂದ ಏಳು ವರ್ಷ ಆ ಶಾಲೆಯ ದೀಪ ಉರಿದದ್ದು ಅದರಿಂದ. ಒಂದೆರಡು ಸಲ ಸ್ಫೋಟವಾಗಿ ಕಿಟಕಿ ಗಾಜು ಪುಡಿಪುಡಿಯಾದದ್ದೂ ಇದೆ. ಈಗ ನಾವು ಹೈಡ್ರೋಜನ್ ಅಂದರೆ ನಾಳಿನ ಮಾತು ಅನ್ನುತ್ತೇವೆ!

1904ರಲ್ಲಿ ಲಾ ಕೂರ್ ಹಳ್ಳಿಯ ಹುಡುಗರಿಗೆ ಗಾಳಿ ವಿದ್ಯುತ್ತಿನ ತರಗತಿ ಶುರು ಮಾಡಿದರು. ಮೊದಲು ಬಂದವರಲ್ಲಿ ಯೊಹಾನೆಸ್ ಯೂಲ್ ಒಬ್ಬ. ಅರ್ಧ ಶತಮಾನ ಕಳೆದು, 1957ರಲ್ಲಿ, ಅದೇ ಯೂಲ್ ಗೆಡ್ಸರ್ ಎಂಬಲ್ಲಿ ಮೂರು ರೆಕ್ಕೆಯ 200 ಕಿಲೋವಾಟ್ ಯಂತ್ರ ನಿಲ್ಲಿಸಿದ. ಹತ್ತು ವರ್ಷ ಅದು ಹೆಚ್ಚು ರಿಪೇರಿ ಕೇಳದೆ ಓಡಿತು. ಇಂದಿನ ಮೂರು ರೆಕ್ಕೆಯ ಯಂತ್ರಗಳಿಗೆ ಅದೇ ಮಾದರಿ. ಈಗ ಡೆನ್ಮಾರ್ಕಿನ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯದ್ದು. ಎಲ್ಲವೂ ಆ ಒಂದು ಶಾಲೆಯಿಂದಲೇ ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ತಾಯ್ನುಡಿಯ ಉಪನ್ಯಾಸಕ್ಕೆ ಅಂತ ಕಟ್ಟಿದ ಮನೆಯ ಹಿತ್ತಲಲ್ಲಿ ಗಾಳಿ ವಿದ್ಯುತ್ ಬೆಳೆಯಿತು ಅನ್ನೋದಂತೂ ನಿಜ. ಅಲ್ಲಿ ಯಾರಾದರೂ ಭಾಷೆಯವರು ಆ ಕಡೆ, ಗಿರಣಿಯವರು ಈ ಕಡೆ ಅಂತ ಗೆರೆ ಎಳೆದಿದ್ದರೆ?

ಹಾಗಾಗಿ ಒಂದೇ ಸಭಾಂಗಣ ಕೇಳುತ್ತಿದ್ದೇನೆ. ಅದರ ಜೊತೆ ಎರಡು ಸಣ್ಣ ಮಾತು.

ಮೊದಲನೆಯದು ಪದಗಳ ಬಗ್ಗೆ. ಇಂಧನದ ಉಪನ್ಯಾಸಗಳಲ್ಲಿ ‘ಶಕ್ತಿ’ ಅನ್ನುವ ಒಂದೇ ಪದಕ್ಕೆ ಎಲ್ಲ ಭಾರ ಹೊರಿಸುತ್ತಾರೆ. ಬಲವೂ ಶಕ್ತಿ, ಸಾಮರ್ಥ್ಯವೂ ಶಕ್ತಿ, ಖರ್ಚಾದ ಕರೆಂಟೂ ಶಕ್ತಿ. ಕೇಳುವವರು ಕಂಗಾಲು. 2 ಮೆಗಾವಾಟ್ ಅನ್ನೋದು ಯಂತ್ರದ ಸಾಮರ್ಥ್ಯ. ಅದು ಒಂದು ಗಂಟೆ ಪೂರ್ತಿ ಬಲದಲ್ಲಿ ತಿರುಗಿದರೆ ಬರೋದು 2,000 ಯೂನಿಟ್ ವಿದ್ಯುತ್. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಗಾಳಿಯಲ್ಲಿರುವ ಸಾಮರ್ಥ್ಯ ಅರ್ಧವಲ್ಲ, ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಎಷ್ಟೇ ಚೆನ್ನಾಗಿ ಮಾಡಿದ ಯಂತ್ರವಾದರೂ ಗಾಳಿಯಿಂದ ನೂರಕ್ಕೆ 59ರಷ್ಟಕ್ಕಿಂತ ಜಾಸ್ತಿ ಕಿತ್ತುಕೊಳ್ಳೋದಕ್ಕೆ ಆಗೋದಿಲ್ಲ. ಬೆಟ್ಸ್ ಎಂಬ ಜರ್ಮನ್ ವಿಜ್ಞಾನಿ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾರೆ. ಇಷ್ಟನ್ನು ಐದು ನಿಮಿಷದಲ್ಲಿ ಹೇಳಬಹುದು. ಹೇಳದಿದ್ದರೆ ಜನ ಮನೆಗೆ ಒಯ್ಯೋದು ದೊಡ್ಡ ದೊಡ್ಡ ಸಂಖ್ಯೆ ಮಾತ್ರ. ಮೊದಲ ವಾರ ಬಂದ ಭಾಷೆಯವರನ್ನೇ ಮೂರನೇ ವಾರ ಮುಂದಿನ ಸಾಲಲ್ಲಿ ಕೂರಿಸಿ ನೋಡಿ. ಒಂದು ಪದ ಎರಡು ಅರ್ಥದಲ್ಲಿ ಬಂದರೆ ಅವರು ಸುಮ್ಮನಿರೋರಲ್ಲ.

ಎರಡನೆಯದು ಪ್ರಶ್ನೆಯ ಹೊತ್ತು. ದುಡಿಯುವವರಿಗಾಗಿ ನಡೆಯುವ ಉಪನ್ಯಾಸಗಳ ಬೇರು ಹುಡುಕಿದರೆ ಜಾರ್ಜ್ ಬರ್ಕ್‌ಬೆಕ್ ಸಿಗುತ್ತಾನೆ. 1800ರ ಸುಮಾರಿಗೆ ಗ್ಲಾಸ್ಗೋದಲ್ಲಿ ಪ್ರೊಫೆಸರ್ ಆಗಿದ್ದವನು. ಪಾಠಕ್ಕೆ ಬೇಕಾದ ಒಂದು ಪಂಪಿನ ಮಾದರಿ ಮಾಡಿಸೋದಕ್ಕೆ ಕೆಲಸಗಾರರ ಬಳಿ ಹೋದ. ಅವರು ಅದನ್ನು ಸುತ್ತುವರಿದು, ಇದು ಹೇಗೆ ನಡೆಯುತ್ತದೆ, ಯಾಕೆ ಹೀಗೆ ಅಂತ ಕೇಳತೊಡಗಿದರು. ಆ ಪ್ರಶ್ನೆಗಳನ್ನು ಕೇಳಿ ಅವನು ಅವರಿಗಾಗಿಯೇ ಪುಕ್ಕಟೆ ಉಪನ್ಯಾಸ ಶುರು ಮಾಡಿದ. 1823ರಲ್ಲಿ ಲಂಡನ್ನಿನ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ ಹುಟ್ಟಿದ್ದು ಆಮೇಲೆ. ಮೊದಲು ಬಂದದ್ದು ಪ್ರಶ್ನೆ. ಉಪನ್ಯಾಸ ಅದರ ಹಿಂದೆ ಬಂತು. ನೀವು ಪರಿಚಯ ಭಾಷಣವನ್ನು ಎರಡು ನಿಮಿಷಕ್ಕೆ ಇಳಿಸಿ, ಉಪನ್ಯಾಸವನ್ನು ಐವತ್ತು ನಿಮಿಷಕ್ಕೆ ನಿಲ್ಲಿಸಿ. ಉಳಿದದ್ದು ನಮಗೆ ಬಿಡಿ. ಮೈಕು ಹಿಂದಿನ ಸಾಲಿನವರೆಗೂ ಬರಲಿ. ಕೆಲವರು ಪ್ರಶ್ನೆ ಅಂತ ಎದ್ದು ಭಾಷಣ ಮಾಡುತ್ತಾರೆ, ಗೊತ್ತು. ಅವರನ್ನು ಸಹಿಸಿಕೊಳ್ಳೋಣ.

ಮೆಟ್ಟಿಲ ಮೇಲೆ ಸಿಕ್ಕ ಆ ಹಿರಿಯರಿಗೆ ನಾನು ಆಮೇಲೆ ಆಸ್ಕೋವ್ ಶಾಲೆಯ ಕಥೆ ಹೇಳಿದೆ. ಕಿಟಕಿ ಗಾಜು ಒಡೆದದ್ದು ಕೇಳಿ ನಕ್ಕರು. ಆದರೆ ಅವರ ಪ್ರಶ್ನೆಗೆ ಅದು ಉತ್ತರವಲ್ಲ ಅಂದರು. ಮುಂಗಾರಿನ ಗಾಳಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಬೀಸುತ್ತದೆ. ಉಳಿದ ತಿಂಗಳು ಆ ಸಮನಲವೇವದವರು ಇದ್ದಿಲು ಸುಟ್ಟು ಕೂಡಿಟ್ಟುಕೊಳ್ಳುತ್ತಿದ್ದರಾ, ಹೊಲಕ್ಕೆ ಹೋಗುತ್ತಿದ್ದರಾ, ಗಾಳಿ ಇದ್ದಾಗ ತೆಗೆದ ಕಬ್ಬಿಣವನ್ನು ಬಡಿದು ಹದ ಮಾಡುತ್ತಿದ್ದರಾ? ಅವರಿಗೆ ತಿಳಿಯಬೇಕಾದ್ದು ಅದು. ಚೀಟಿ ಇನ್ನೂ ಅವರ ಜೇಬಿನಲ್ಲಿದೆ. ಮುಂದಿನ ಮಾಲೆಯ ಮೂರೂ ಸಂಜೆಗೆ ನಾವಿಬ್ಬರೂ ಬರುತ್ತೇವೆ. ಎಲ್ಲಿಗೆ ಬರಬೇಕು ಅನ್ನೋದನ್ನು ತಿಳಿಸಿ.

ಇತಿ,
ಹಿಂದಿನ ಸಾಲಿನ ಒಬ್ಬ ಕೇಳುಗ